ಗಿಡುಗವನ್ನು ಹುಡುಕಬೇಡಿ, ಅಳಿಲನ್ನು ಕೇಳಿ: ಬಳ್ಳಾರಿಯ ಬಡಾವಣೆಗಳಲ್ಲಿ ಬೇಟೆಹಕ್ಕಿ ನೋಡುವವರಿಗೊಂದು ಮಾರ್ಗದರ್ಶಿ

ಬೆಳಿಗ್ಗೆ ಆರೂಮುಕ್ಕಾಲು. ಬೀದಿಯ ಬೇವಿನ ಮರದಲ್ಲಿ ಗೊರವಂಕಗಳ ಜಗಳ ನಡೆದಿತ್ತು. ಬುಡದಲ್ಲಿ ಹರಟೆಮಲ್ಲಗಳು ಕಸ ಕೆದರುತ್ತಿದ್ದವು, ವಿದ್ಯುತ್ ತಂತಿಯ ಮೇಲೆ ಬೆಳವಗಳು ಸಾಲಾಗಿ ಕುಳಿತಿದ್ದವು. ಎಲ್ಲಿಂದಲೋ ಒಂದು ಅಳಿಲು 'ಚಿಕ್' ಎಂದಿತು. ಒಂದೇ ಸಲ. ಹೆಡ್‌ಮಾಸ್ತರು ಬಾಗಿಲಲ್ಲಿ ಕಾಣಿಸಿಕೊಂಡ ತರಗತಿಯ ಹಾಗೆ ಇಡೀ ಬೀದಿ ಸುಮ್ಮನಾಯಿತು. ಬೆಳವಗಳು ತಂತಿ ಬಿಟ್ಟು ಹೋಗಿಯೇ ಬಿಟ್ಟಿದ್ದವು. ನಾನು ಕತ್ತೆತ್ತಿ ಆಕಾಶ ನೋಡಿದೆ, ಅಲ್ಲೇನೂ ಇರಲಿಲ್ಲ. ಅದು ಕುಳಿತಿದ್ದದ್ದು ನನ್ನ ತಲೆಯಿಂದ ಹದಿನೈದು ಅಡಿ ಮೇಲೆ, ಎಲೆಗಳ ನೆರಳಿನಲ್ಲಿ. ಪಾರಿವಾಳಕ್ಕಿಂತ ದೊಡ್ಡದಲ್ಲದ ಬೂದು ಹಕ್ಕಿ, ಕಣ್ಣು ಮಾತ್ರ ಕೆಂಡ.

ಅದಕ್ಕೆ ಮೊದಲು ಎರಡು ವರ್ಷ, ಬೇಟೆಹಕ್ಕಿ ನೋಡಬೇಕೆಂದು ರಜೆ ಬಂದಾಗಲೆಲ್ಲ ಬೈಕ್ ಹತ್ತಿ ಸಂಡೂರಿನ ಗುಡ್ಡಗಳ ಕಡೆ ಹೋಗುತ್ತಿದ್ದೆ. ಪೆಟ್ರೋಲಿಗೆ ಸುರಿದ ದುಡ್ಡಿನಲ್ಲಿ ಒಳ್ಳೆಯ ದುರ್ಬೀನು ಬರುತ್ತಿತ್ತು. ನಾನು ಹುಡುಕುತ್ತಿದ್ದ ಹಕ್ಕಿ ನಮ್ಮ ಮನೆಯ ಮುಂದಿನ ಬೇವಿನಲ್ಲೇ ಸಂಸಾರ ಹೂಡಿತ್ತು. ಆ ಬೆಳಗಿನಿಂದ ಈಚೆಗೆ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿಯ ಲೆಕ್ಕದಲ್ಲಿ ಬರೆದಿದ್ದರೂ ಕೊಪ್ಪಳ, ರಾಯಚೂರಿನ ಬೀದಿಗಳಿಗೂ ಇದು ಬಹುಮಟ್ಟಿಗೆ ಹೊಂದುತ್ತದೆ. ಅದೇ ಬಿಸಿಲು, ಅದೇ ಬೇವು, ಅದೇ ಜಾಲಿ.

ಮೊದಲ ಹಂತ: ಎಲ್ಲವೂ ಹದ್ದಲ್ಲ

ನಮ್ಮೂರಿನಲ್ಲಿ ಕೊಕ್ಕು ಬಾಗಿದ ಹಕ್ಕಿಯೆಲ್ಲ ಹದ್ದೇ. ತೆಲುಗು ಮನೆಮಾತಿನವರು ಗದ್ದ ಎನ್ನುತ್ತಾರೆ, ಕೌಲ್ ಬಜಾರಿನ ಉರ್ದು ಮನೆಗಳಲ್ಲಿ ಅದು ಚೀಲ್. ಈ ಮೂರು ಹೆಸರೂ ನಿಜವಾಗಿ ಒಪ್ಪುವುದು ಒಂದೇ ಹಕ್ಕಿಗೆ: ಮಾಂಸದಂಗಡಿಗಳ ಮೇಲೆ ಗಿರಕಿ ಹೊಡೆಯುವ, ಬಾಲದ ತುದಿ ಮೀನಿನ ಬಾಲದಂತೆ ಕವಲೊಡೆದ ಕರಿಹದ್ದಿಗೆ. ಇದು ಬೇಟೆಗಿಂತ ಹೆಚ್ಚಾಗಿ ನಾವು ಬಿಸಾಡಿದ್ದನ್ನು ತಿಂದು ಬದುಕುತ್ತದೆ. ತಲೆ, ಎದೆ ಬಿಳಿಯಾಗಿ ಮೈ ಇಟ್ಟಿಗೆಯ ಬಣ್ಣವಿದ್ದು, ಬಾಲದ ತುದಿ ದುಂಡಗಿದ್ದರೆ ಅದು ಗರುಡ. ಹಿರಿಯರು ಕಂಡೊಡನೆ ಕೈ ಮುಗಿಯುವ ಹಕ್ಕಿ. ಊರೊಳಗೆ ಅಪರೂಪ. ತುಂಗಭದ್ರೆಯ ಎಚ್‌ಎಲ್‌ಸಿ (ಮೇಲ್ಮಟ್ಟದ) ಕಾಲುವೆಯ ದಂಡೆ, ಗದ್ದೆ ಬಯಲು, ಮುನಿರಾಬಾದಿನ ಜಲಾಶಯದ ಕಡೆ ಹೋದರೆ ಸಿಗುತ್ತದೆ.

ನಾವು ಹುಡುಕುತ್ತಿರುವುದು ಇವೆರಡೂ ಅಲ್ಲ, ಗಿಡುಗ. ಕನ್ನಡದ ಪಕ್ಷಿ ಪಟ್ಟಿಗಳಲ್ಲಿ ಇದನ್ನು ಬಿಜ್ಜು ಎಂದು ಬರೆಯುತ್ತಾರೆ. ಹಕ್ಕಿ ನೋಡುವವರ ಬಾಯಲ್ಲಿ ಉಳಿದಿರುವುದು ಶಿಕ್ರಾ, ಬೇಟೆ ಎಂಬರ್ಥದ 'ಶಿಕಾರ್' ಬಳಗದ ಪದ. ಹಿಂದಿನವರಿಗೆ ಈ ಹಕ್ಕಿಗಳ ವಿಷಯದಲ್ಲಿ ನಮ್ಮಷ್ಟು ಗೊಂದಲವಿರಲಿಲ್ಲ. ಬೇಟೆಗೆ ಪಳಗಿಸುವ ಗಿಡುಗಕ್ಕೆ 'ಸಾಳುವ' ಎಂಬ ಬೇರೆಯೇ ಹೆಸರಿತ್ತು. 1485ರಲ್ಲಿ ಹಂಪಿಯ ಸಿಂಹಾಸನವೇರಿದ ನರಸಿಂಹನ ವಂಶದ ಹೆಸರಿನಲ್ಲಿರುವುದು ಅದೇ ಸಾಳುವ. ಹಕ್ಕಿಯ ಹೆಸರಿಟ್ಟುಕೊಂಡ ಅರಸರು ಆಳಿದ ಸೀಮೆಯಲ್ಲಿ ಇವತ್ತು ಆ ಹಕ್ಕಿಯನ್ನು ಯಾರೂ ಗುರುತು ಹಿಡಿಯುವುದಿಲ್ಲ ಎನ್ನುವುದು ನನಗೆ ಆಗಾಗ ಚುಚ್ಚುತ್ತದೆ.

ಶಿಕ್ರಾ ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 30 ಸೆಂಟಿಮೀಟರ್, ಶಾಲೆಯ ಮಕ್ಕಳ ಅಳತೆಪಟ್ಟಿಯಷ್ಟು. ಕರಿಹದ್ದು ಅದರ ಎರಡರಷ್ಟು ಉದ್ದ. ಗಂಡಿನ ಬೆನ್ನು ನೀಲಿ ಬೆರೆತ ಬೂದು, ಎದೆಯ ಮೇಲೆ ಕಂದುಗೆಂಪಿನ ಸಣ್ಣ ಅಡ್ಡಗೆರೆಗಳು, ಕಣ್ಣು ಕೆಂಪು. ಹೆಣ್ಣು ಗಂಡಿಗಿಂತ ದೊಡ್ಡದು, ಬೆನ್ನಿಗೆ ಕಂದಿನ ಛಾಯೆ, ಕಣ್ಣು ಹಳದಿ ಇಲ್ಲವೇ ಕಿತ್ತಳೆ. ಬಿಳಿಯ ಗಂಟಲಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಬೂದು ಗೀರು ಇರುತ್ತದೆ. ಮುಖ ಕಂಡಾಗ ಅದನ್ನು ತಪ್ಪದೆ ಹುಡುಕಿ. ಮರಿಹಕ್ಕಿಗೆ ಎದೆಯಲ್ಲಿ ಅಡ್ಡಗೆರೆಗಳಿಲ್ಲ, ಶಾಯಿ ತೊಟ್ಟಿಕ್ಕಿದಂಥ ಉದ್ದುದ್ದ ಕಂದು ಮಚ್ಚೆಗಳಿವೆ. ಹಾರಾಟವಂತೂ ಅರ್ಧ ಕಿಲೋಮೀಟರಿನಿಂದಲೇ ಗುರುತು ಸಿಗುವಂಥದ್ದು: ನಾಲ್ಕೈದು ಸಲ ಬಿರುಸಾಗಿ ರೆಕ್ಕೆ ಬಡಿದು, ಒಂದಿಷ್ಟು ದೂರ ತೇಲಿ, ಮತ್ತೆ ಬಡಿತ. ಗುರಿಯ ಕೊಂಬೆ ಹತ್ತಿರವಾದಾಗ ತೀರ ಕೆಳಗೆ ಬಂದು, ಕೊನೆಯ ಗಳಿಗೆಯಲ್ಲಿ ಮೇಲಕ್ಕೆ ಚಿಮ್ಮಿ ಕೂರುತ್ತದೆ.

ಮೋಸ ಹೋಗುವ ಜಾಗ ಒಂದಿದೆ. ಕೋಗಿಲೆಯ ಬಳಗದ ಒಂದು ಹಕ್ಕಿ ಬಣ್ಣ, ಗಾತ್ರ, ಹಾರಾಟ ಎಲ್ಲದರಲ್ಲೂ ಶಿಕ್ರಾದ ವೇಷ ಹಾಕುತ್ತದೆ. ಮಳೆಗಾಲದ ಮುಂಚೆ ಹಗಲೂ ರಾತ್ರಿ ದನಿ ಏರಿಸುತ್ತ ಏರಿಸುತ್ತ ಕೂಗಿ ನಿದ್ದೆ ಕೆಡಿಸುವುದು ಅದೇ. ಹರಟೆಮಲ್ಲಗಳು ಹೆದರಿ ಗೂಡು ಬಿಟ್ಟರೆ ಅಲ್ಲಿ ಮೊಟ್ಟೆ ಇಡುವ ಸಂಚು. ಅನುಮಾನ ಬಂದಾಗ ಕೊಕ್ಕು ನೋಡಿ. ಶಿಕ್ರಾದ ಕೊಕ್ಕು ಕೊಂಡಿಯಂತೆ ಬಾಗಿದೆ, ಈ ವೇಷಧಾರಿಯದು ಸಾಧಾರಣ ಕೋಗಿಲೆಯ ಕೊಕ್ಕು.

ಉಳಿದವು ಬೇಗ ಮುಗಿಯುತ್ತವೆ. ಸಿರುಗುಪ್ಪ ರಸ್ತೆಯ ಹೊಲಗಳ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ಬಿಳಿ ಮೈಯ, ಕೆಂಪು ಕಣ್ಣಿನ, ಭುಜದಲ್ಲಿ ಕಪ್ಪು ಪಟ್ಟೆಯ ಹಕ್ಕಿ ರಾಮದಾಸ ಹದ್ದು. ಅದು ಇಲಿಗಳ ಶತ್ರು, ರೈತರ ಮಿತ್ರ. ಚಳಿಗಾಲದಲ್ಲಿ ಗುಡ್ಡದ ಬಂಡೆಗಳ ಸುತ್ತ ಅದೇ ರೀತಿ ಗಾಳಿಯಲ್ಲಿ ನಿಲ್ಲುವ ಇಟ್ಟಿಗೆ ಬೆನ್ನಿನ ಹಕ್ಕಿ ಚಾಣ. ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿದ್ದರೆ ಎಂದಾದರೂ ಜೇನು ಗಿಡುಗ ಬಂದೀತು. ಪಾರಿವಾಳದಂಥ ಸಣ್ಣ ತಲೆ, ಉದ್ದ ಕತ್ತು ಅದರ ಗುರುತು.

ಎರಡನೆಯ ಹಂತ: ಒಂದು ಬೀದಿ ಹಿಡಿಯಿರಿ

ಊರೆಲ್ಲ ಸುತ್ತುವ ಚಟ ಬಿಡಿ. ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಒಂದು ಸುತ್ತು ಗೊತ್ತುಮಾಡಿಕೊಂಡು ಅಲ್ಲೇ ತಿಂಗಳುಗಟ್ಟಲೆ ನಡೆಯಿರಿ. ಗಿಡುಗಕ್ಕೆ ತನ್ನದೇ ಸರಹದ್ದು ಇರುತ್ತದೆ. ದಿನವೂ ಅವೇ ನಾಲ್ಕೈದು ಮರಗಳ ಮೇಲೆ ಕೂರುತ್ತದೆ. ಅದರ ದಿನಚರಿಗೆ ನಿಮ್ಮದನ್ನು ಹೊಂದಿಸಿದರೆ ಸಾಕು.

ಬೀದಿ ಆರಿಸುವಾಗ ಮೂರು ಸಂಗತಿ ನೋಡಬೇಕು. ಮೊದಲನೆಯದು ಹಳೆಯ ಮರ. ಬೇವು, ಹೊಂಗೆ, ಮಳೆಮರ ಯಾವುದಾದರೂ ಸರಿ, ನೆರಳು ದಟ್ಟವಾಗಿರಬೇಕು. ಕಂಟೋನ್ಮೆಂಟಿನ ಹಳೆಯ ಬಂಗಲೆಗಳ ಸಾಲು, ಗಾಂಧಿನಗರದ ಮರ ಉಳಿದ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎರಡನೆಯದು ಪಾಳುಬಿದ್ದ ನಿವೇಶನ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು ಕರ್ನಾಟಕದ ತುಂಬ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಬೈಯದವರಿಲ್ಲ, ನಾನೂ ಬೈದಿದ್ದೇನೆ. ಆದರೆ ಖಾಲಿ ಸೈಟಿನ ಜಾಲಿಪೊದೆಯಲ್ಲಿ ಬೆಳವ, ಗುಬ್ಬಿ, ಓತಿಕ್ಯಾತ, ಇಲಿ ಎಲ್ಲವೂ ಇರುತ್ತವೆ. ಅಂದರೆ ಅದು ಗಿಡುಗದ ಕಿರಾಣಿ ಅಂಗಡಿ. ಮೂರನೆಯದು ನೀರು. ನೀರು ಬಿಟ್ಟ ದಿನ ಮಾಳಿಗೆಯ ಟ್ಯಾಂಕು ತುಂಬಿ ಹರಿದು ಕೆಳಗೆ ಒಂದು ಸಣ್ಣ ಹೊಂಡ ನಿಲ್ಲುತ್ತದಲ್ಲ, ಏಪ್ರಿಲ್ ತಿಂಗಳಿನಲ್ಲಿ ಬೀದಿಯ ಹಕ್ಕಿಗಳೆಲ್ಲ ಅಲ್ಲಿಗೆ ಬರುತ್ತವೆ. ಹಿಂದೆಯೇ ಗಿಡುಗವೂ ಬರುತ್ತದೆ, ಕೆಲವೊಮ್ಮೆ ಬೇಟೆಗೆ, ಕೆಲವೊಮ್ಮೆ ಬರಿಯ ಸ್ನಾನಕ್ಕೆ. ಹೊಟ್ಟೆಯ ತನಕ ನೀರಲ್ಲಿ ಇಳಿದು ಕುಪ್ಪಳಿಸುವ ಗಿಡುಗವನ್ನು ನೋಡಿದ ಮೇಲೆ ಅದರ ಬಗ್ಗೆ ಭಯಭಕ್ತಿ ಸ್ವಲ್ಪ ಕಡಿಮೆಯಾಗುತ್ತದೆ.

ಮೂರನೆಯ ಹಂತ: ಕಿವಿಗೆ ಕೆಲಸ ಕೊಡಿ

ಈ ಬರಹದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಗಿಡುಗ ಅಡಗಿ ಕುಳಿತು ಬದುಕುವ ಹಕ್ಕಿ. ನಿಮ್ಮ ಕಣ್ಣಿಗೆ ಬೀಳದಿರುವುದೇ ಅದರ ಕಸುಬು. ಆದರೆ ಅದನ್ನು ಕಂಡುಹಿಡಿಯದೆ ಹೋದರೆ ಪ್ರಾಣವೇ ಹೋಗುವಂಥ ಜೀವಿಗಳು ಬೀದಿಯಲ್ಲಿ ನೂರಾರಿವೆ. ಅವು ನಮಗಿಂತ ಚೆನ್ನಾಗಿ ನೋಡುತ್ತವೆ, ನೋಡಿದ್ದನ್ನು ಕೂಗಿ ಹೇಳುತ್ತವೆ. ನಾವು ಆ ಭಾಷೆ ಕಲಿಯಬೇಕು ಅಷ್ಟೆ.

ಅಳಿಲಿನಿಂದ ಶುರುಮಾಡಿ. ಬೆಕ್ಕು ಕಂಡ ಅಳಿಲು ಕಾಂಡದ ಮೇಲೆ ತಲೆಕೆಳಗಾಗಿ ಅಂಟಿಕೊಂಡು, ಬಾಲ ಕುಣಿಸುತ್ತ, ಹೊಲಿಗೆ ಯಂತ್ರದಂತೆ ಹತ್ತು ನಿಮಿಷ ಬಿಡದೆ ಕೂಗುತ್ತದೆ. ಅದರ ಕಣ್ಣು ನೆಲದ ಕಡೆ. ಗಿಡುಗ ಕಂಡಾಗ ಹಾಗಲ್ಲ. ಒಂದೆರಡು ಚೂಪಾದ 'ಚಿಕ್', ಆಮೇಲೆ ಕೊಂಬೆಯ ಕೆಳಮೈಗೆ ಅಂಟಿ ಕಲ್ಲಿನಂತೆ ನಿಲ್ಲುತ್ತದೆ. ಇದು ನನ್ನ ಬೀದಿಯ ಅಳಿಲುಗಳ ರೂಢಿ. ನಿಮ್ಮ ಬೀದಿಯವು ಸ್ವಲ್ಪ ಬೇರೆ ಥರ ಕೂಗಬಹುದು, ವಾರ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಗೊರವಂಕ ಗಂಟಲು ಕೆರೆದಂತೆ ಒರಟಾಗಿ ಕಿರುಚುತ್ತದೆ. ಕಾಗೆಗಳ ದಾರಿ ಬೇರೆ. ಅವು ಹೆದರುವುದಿಲ್ಲ, ಪೀಡಿಸುತ್ತವೆ. ಎರಡು ಮೂರು ಕಾಗೆಗಳು ಒಂದೇ ಕೊಂಬೆಯ ಸುತ್ತ ಕುಳಿತು ಕರ್ಕಶವಾಗಿ ಕೂಗುತ್ತಿದ್ದರೆ ಮರದ ತುಂಬ ಕಣ್ಣಾಡಿಸಬೇಡಿ. ಎಲ್ಲ ಕೊಕ್ಕುಗಳೂ ಯಾವ ಕಡೆ ತಿರುಗಿವೆ ನೋಡಿ, ಆ ಗೆರೆಗಳು ಕೂಡುವ ಜಾಗದಲ್ಲಿ ಗಿಡುಗವಿರುತ್ತದೆ. ಅಥವಾ ಹಗಲುನಿದ್ದೆಯಿಂದ ಎದ್ದ ಹಾಲಕ್ಕಿ, ಅಂದರೆ ಸಣ್ಣ ಗೂಬೆ, ಇರುತ್ತದೆ. ಕಾಗೆಗಳಿಗೆ ಎರಡರ ಮೇಲೂ ಒಂದೇ ಸಿಟ್ಟು. ಪಿಕಳಾರ, ಸೂರಕ್ಕಿಗಳ ಮೌನ ಎಲ್ಲಕ್ಕಿಂತ ಮುಖ್ಯ. ಮುಂಜಾನೆಯ ಗದ್ದಲ ತಟ್ಟನೆ ನಿಂತರೆ ನೀವೂ ಇದ್ದಲ್ಲೇ ನಿಲ್ಲಿ. ಒಂದು ಹೆಜ್ಜೆಯೂ ಬೇಡ. ಎರಡು ಮೂರು ನಿಮಿಷದೊಳಗೆ ಎಲೆಗಳ ನಡುವೆ ಏನೋ ಅಲುಗುತ್ತದೆ.

ಒಂದು ಪರೀಕ್ಷೆ ಮಾಡಿ. ಕರಿಹದ್ದು ತಲೆಯ ಮೇಲೆ ಹಾರುವಾಗ ತಂತಿಯ ಮೇಲಿನ ಬೆಳವಗಳನ್ನು ಗಮನಿಸಿ. ಬಹುಪಾಲು ಸಲ ಕತ್ತೂ ಎತ್ತುವುದಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕದಾದ ಶಿಕ್ರಾ ಬೀದಿಯ ತುದಿಯಲ್ಲಿ ಕಾಣಿಸಿದರೆ ತಂತಿ ಖಾಲಿ. ಯಾರಿಗೆ ಹೆದರಬೇಕು ಎನ್ನುವುದು ಬೆಳವಕ್ಕೆ ಚೆನ್ನಾಗಿ ಗೊತ್ತು.

ಗಿಡುಗದ ಸ್ವಂತ ಕೂಗು ಎರಡು ಸ್ವರದ್ದು, 'ಟಿ-ಟ್ಯೂ'. ಮೊದಲನೆಯದು ಎತ್ತರ, ಎರಡನೆಯದು ಇಳಿತ. ಫೆಬ್ರುವರಿ, ಮಾರ್ಚ್‌ನಲ್ಲಿ ಜೋಡಿಗಳು ಬೆಳಿಗ್ಗೆ ಇದನ್ನು ಹೆಚ್ಚು ಕೂಗುತ್ತವೆ. ಇಲ್ಲೂ ಒಬ್ಬ ಮೋಸಗಾರನಿದ್ದಾನೆ: ಕಾಜಾಣ. ಕವಲು ಬಾಲದ ಈ ಕರಿಹಕ್ಕಿ ಶಿಕ್ರಾದ ಕೂಗನ್ನು ತದ್ರೂಪು ಅನುಕರಿಸುತ್ತದೆ. ನನ್ನ ಪುಸ್ತಕದ ಮೊದಲ ವರ್ಷದ ದಾಖಲೆಗಳಲ್ಲಿ ಎಷ್ಟು ಗಿಡುಗ, ಎಷ್ಟು ಕಾಜಾಣ ಎಂದು ಈಗ ಹೇಳಲಾರೆ. ಕೂಗು ಕೇಳಿದ ಮೇಲೆ ಹಕ್ಕಿಯನ್ನು ಕಣ್ಣಾರೆ ಕಾಣದೆ ಬರೆದುಕೊಳ್ಳಬಾರದು ಎಂಬ ನಿಯಮ ಆಮೇಲೆ ಹಾಕಿಕೊಂಡದ್ದು.

ನಾಲ್ಕನೆಯ ಹಂತ: ಹೊತ್ತು ಮತ್ತು ಬಿಸಿಲು

ಬೇಸಿಗೆಯಲ್ಲಿ ನಮ್ಮಲ್ಲಿ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹೀಗಾಗಿ ಕೆಲಸ ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಮುಗಿಯಬೇಕು, ಇಲ್ಲವೇ ಸಂಜೆ ಐದರ ಮೇಲೆ ಶುರುವಾಗಬೇಕು. ನಡುಹಗಲಲ್ಲಿ ಗಿಡುಗವೂ ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತ ನೆರಳಲ್ಲಿ ಕೂರುತ್ತದೆ, ನೀವು ಯಾಕೆ ಬೇಯಬೇಕು?

ಹದ್ದುಗಳ ಹೊತ್ತು ಬೇರೆ. ಒಂಬತ್ತೂವರೆ, ಹತ್ತರ ಹೊತ್ತಿಗೆ ಬಳ್ಳಾರಿ ಗುಡ್ಡದ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗುತ್ತದೆ. ಕರಿಹದ್ದುಗಳು ಒಂದೊಂದಾಗಿ ಬಂದು ಆ ಗಾಳಿಯ ಕಂಬ ಹತ್ತಿ, ರೆಕ್ಕೆ ಬಡಿಯದೆ ಸುತ್ತುತ್ತ ಚುಕ್ಕೆಗಳಾಗುತ್ತವೆ. ಹತ್ತಿರದ ಯಾವ ಮಾಳಿಗೆಯಿಂದಲೂ ಇದು ಕಾಣುತ್ತದೆ. ಹದ್ದಿನ ಗುಂಪಿನಲ್ಲಿ ಬಾಲ ಕವಲಿಲ್ಲದ, ರೆಕ್ಕೆ ಅಗಲವಾದ ಹಕ್ಕಿಯೊಂದು ಕಂಡರೆ ಎಚ್ಚರವಾಗಿ ನೋಡಿ. ಅದು ಬೇರೇನೋ.

ಐದನೆಯ ಹಂತ: ದುರ್ಬೀನು, ಮತ್ತು ಎದುರು ಮನೆಯವರು

8x42 ಎಂದು ಬರೆದಿರುವ ದುರ್ಬೀನು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದು ಅರ್ಥ. ಹತ್ತು, ಹನ್ನೆರಡು ಪಟ್ಟಿನದು ಕೈಯಲ್ಲಿ ನಡುಗುತ್ತದೆ, ಎಲೆಗಳ ನಡುವೆ ಹಕ್ಕಿಯನ್ನು ಹಿಡಿಯುವುದೂ ಕಷ್ಟ. ಮೊಳದುದ್ದದ ಲೆನ್ಸಿನ ಕ್ಯಾಮೆರಾ ಮೊದಲ ವರ್ಷಕ್ಕೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ದುರ್ಬೀನೂ ಇಲ್ಲದೆ ಆರು ತಿಂಗಳು ಕಳೆದರೆ ಕಿವಿ ಇನ್ನೂ ಚೆನ್ನಾಗಿ ತಯಾರಾಗುತ್ತದೆ.

ಬಡಾವಣೆಯಲ್ಲಿ ದುರ್ಬೀನಿಗಿಂತ ದೊಡ್ಡ ಪ್ರಶ್ನೆ ಅದನ್ನು ಯಾವ ಕಡೆ ತಿರುಗಿಸುತ್ತೀರಿ ಎನ್ನುವುದು. ಮೂರನೆಯ ದಿನವೇ ಎದುರು ಮನೆಯ ಹಿರಿಯಮ್ಮ ಪೊರಕೆ ಕೈಯಲ್ಲಿ ಹಿಡಿದೇ ರಸ್ತೆ ದಾಟಿ ಬಂದರು.

"ಏನಪ್ಪಾ, ದಿನಾ ಬೆಳಿಗ್ಗೆ ನಮ್ಮ ಮಾಳಿಗೆ ನೋಡುತ್ತೀಯಂತಲ್ಲ?"

"ಮಾಳಿಗೆ ಅಲ್ಲಮ್ಮಾ, ಬೇವಿನ ಮರ. ಗಿಡುಗ ಕೂತಿದೆ."

"ನೋಡೋಣ, ಕೊಡು ಇಲ್ಲಿ."

ಕೊಟ್ಟೆ. ಮೊದಲು ಉಲ್ಟಾ ಹಿಡಿದು ನೋಡಿದರು, ಆಮೇಲೆ ಸರಿಯಾಗಿ. ತುಂಬ ಹೊತ್ತು ಮಾತಾಡಲಿಲ್ಲ. "ಅಯ್ಯೋ, ಕಣ್ಣು ನೋಡು ಅದರದ್ದು" ಎಂದು ದುರ್ಬೀನು ವಾಪಸು ಕೊಟ್ಟರು. ಈಗ ನಾನು ಇಲ್ಲದ ದಿನ ಗಿಡುಗ ಬಂದರೆ ನನಗೆ ವರದಿ ಬರುವುದು ಅವರಿಂದ. ಹಾಗಾಗಿ ನನ್ನ ಸಲಹೆ: ಶುರುಮಾಡುವ ಮುಂಚೆ ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ, ಒಂದು ಸಲ ಅವರ ಕೈಗೂ ದುರ್ಬೀನು ಕೊಡಿ. ಕಿಟಕಿ, ಬಚ್ಚಲು, ಬಟ್ಟೆ ಒಣಹಾಕಿದ ಮಾಳಿಗೆಯ ಹಿನ್ನೆಲೆಯಲ್ಲಿ ಹಕ್ಕಿ ಕುಳಿತರೆ ದುರ್ಬೀನು ಎತ್ತಲೇಬೇಡಿ, ಬೇರೆ ಕೊಂಬೆಗೆ ಬರುವ ತನಕ ಕಾಯಿರಿ. ಕಾರಾಗೃಹ, ಪೊಲೀಸ್ ವಸತಿಗಳ ಸುತ್ತ ಎಂಥ ಹಕ್ಕಿ ಕಂಡರೂ ಆಸೆ ಬಿಡಿ.

ಆರನೆಯ ಹಂತ: ಕೂರುವುದು

ಹಕ್ಕಿ ಕಂಡ ಮೇಲೆ ಹೆಚ್ಚಿನವರು ಮಾಡುವ ತಪ್ಪು ಹತ್ತಿರ ಹೋಗುವುದು. ನೇರವಾಗಿ ನಡೆದು ಬರುವ, ನಿಂತು ದಿಟ್ಟಿಸುವ ಮನುಷ್ಯನನ್ನು ಗಿಡುಗ ಸಹಿಸುವುದಿಲ್ಲ. ತರಕಾರಿ ಗಾಡಿಯವನು ಅದೇ ಮರದಡಿ ನಿಂತು ಕೂಗಿದರೂ ಅದಕ್ಕೆ ಏನೂ ಅನಿಸುವುದಿಲ್ಲ. ಆದ್ದರಿಂದ ಕಟ್ಟೆಯ ಮೇಲೆ ಓರೆಯಾಗಿ ಕುಳಿತು, ಪತ್ರಿಕೆ ಓದುವವರಂತೆ ಇರಿ. ಅರ್ಧ ಗಂಟೆಯಲ್ಲಿ ನೀವೂ ಬೀದಿಯ ಸಾಮಾನಿನಲ್ಲಿ ಒಂದಾಗುತ್ತೀರಿ.

ಬೇಟೆ ನೋಡಲು ಸಿಗುವುದು ಅದೃಷ್ಟ. ಏಪ್ರಿಲ್, ಮೇ ತಿಂಗಳಿನಲ್ಲಿ ಆ ಅದೃಷ್ಟ ಸ್ವಲ್ಪ ಹೆಚ್ಚು, ಯಾಕೆಂದರೆ ಗಂಡು ಓತಿಕ್ಯಾತಗಳಿಗೆ ಆಗ ಮದುವೆಯ ಉಮೇದು. ತಲೆ ಕೆಂಪೇರಿಸಿಕೊಂಡು, ಕಾಂಪೌಂಡಿನ ತುದಿಯಲ್ಲಿ ದಂಡ ಹೊಡೆಯುತ್ತ, ಊರಿಗೆಲ್ಲ ಕಾಣುವ ಹಾಗೆ ಕೂರುತ್ತವೆ. ಹೆಣ್ಣಿಗೆ ಕಾಣುವುದು ಗಿಡುಗಕ್ಕೂ ಕಾಣುತ್ತದೆ.

ಒಂದು ಬೆಳಿಗ್ಗೆ ಪಕ್ಕದ ಮಾಳಿಗೆಯ ಡಿಶ್ ಆಂಟೆನಾದ ಕೊಳವೆಯ ಮೇಲೆ ಅಂಥದ್ದೊಂದನ್ನು ಹಿಡಿದು ತಂದಿತು. ಎಡಗಾಲಿನಲ್ಲಿ ಅದುಮಿಕೊಂಡು ಸುತ್ತ ಮೂರು ಸಲ ನೋಡಿತು. ತಲೆಯಿಂದ ಶುರುಮಾಡಿತು. ಪ್ರತಿ ತುತ್ತಿಗೂ ಕಾಲಿನಿಂದ ಕೆಳಕ್ಕೆ ಒತ್ತಿ, ಕೊಕ್ಕಿನಿಂದ ಮೇಲಕ್ಕೆ ಎಳೆಯುವುದು. ನಡುನಡುವೆ ನಿಂತು ಆಕಾಶ ನೋಡುವುದು, ಕಾಗೆ ಬಂದೀತೆಂಬ ಭಯ. ಹನ್ನೊಂದು ನಿಮಿಷ ಹಿಡಿಯಿತು. ಉದ್ದ ಬಾಲ ಕೊನೆಯ ತನಕ ಕೊಳವೆಯ ಕೆಳಗೆ ನೇತಾಡುತ್ತಿತ್ತು, ಅದನ್ನೂ ಬಿಡಲಿಲ್ಲ, ಶಾವಿಗೆಯಂತೆ ಒಳಗೆಳೆದುಕೊಂಡಿತು. ಆಮೇಲೆ ಕೊಕ್ಕನ್ನು ಕಬ್ಬಿಣಕ್ಕೆ ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ ಒರೆಸಿ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಚಿಕೊಂಡು, ಊಟವಾದ ಮೇಲೆ ಆರಾಮ ಕುರ್ಚಿಗೆ ಒರಗಿದ ಯಜಮಾನರಂತೆ ಕುಳಿತುಬಿಟ್ಟಿತು. ಇಂಥ ಹೊತ್ತಿನಲ್ಲಿ ಗಂಟಲಿನ ಬೂದು ಗೀರು, ಕಣ್ಣಿನ ಬಣ್ಣ ಎಲ್ಲವನ್ನೂ ನಿಧಾನವಾಗಿ ನೋಡಬಹುದು.

ಹಕ್ಕಿ ಇಲ್ಲದಾಗ ನೆಲ ನೋಡಿ. ಮರದಡಿ ಬೆಳವದ ಗರಿಗಳು ಒಂದೇ ಕಡೆ ಹರಡಿದ್ದರೆ ಮೇಲೆ ಪುಕ್ಕ ಕೀಳುವ ಕೊಂಬೆ ಇದೆ. ಬೆಕ್ಕು ತಿಂದ ಗರಿಯ ಬುಡ ಸಾಮಾನ್ಯವಾಗಿ ಕಚ್ಚಿ ಮುರಿದಿರುತ್ತದೆ, ಗಿಡುಗ ಕಿತ್ತದ್ದು ಬುಡಸಮೇತ ಬಂದಿರುತ್ತದೆ. ಸುಣ್ಣ ಎರಚಿದಂಥ ಹಿಕ್ಕೆ, ಜೀರ್ಣವಾಗದ ಗರಿ, ಮೂಳೆ ಸೇರಿಸಿ ಬಾಯಿಂದ ಉಗುಳಿದ ಸಣ್ಣ ಉಂಡೆ ಸಿಕ್ಕರೆ ನೀವು ಸರಿಯಾದ ಮರದಡಿ ಇದ್ದೀರಿ.

ಏಳನೆಯ ಹಂತ: ಗೂಡು ಕಂಡರೆ ಹಿಂದೆ ಸರಿಯಿರಿ

ಮಾರ್ಚ್‌ನಿಂದ ಜೂನ್ ತನಕ ಗೂಡಿನ ಕಾಲ. ಕಾಗೆಯ ಗೂಡಿನಂತೆಯೇ ಕಡ್ಡಿಗಳ ತಟ್ಟೆ, ಒಳಗೆ ಹುಲ್ಲು. ಮೂರೋ ಅದಕ್ಕಿಂತ ಹೆಚ್ಚೋ ಮೊಟ್ಟೆ, ಕಾವು ಸುಮಾರು ಮೂರು ವಾರ. ಗಂಡು ಬೇಟೆ ತಂದು ದೂರದ ಕೊಂಬೆಯಿಂದ ಕೂಗುತ್ತದೆ, ಹೆಣ್ಣು ಗೂಡು ಬಿಟ್ಟು ಹೋಗಿ ಇಸಿದುಕೊಳ್ಳುತ್ತದೆ. ಗೂಡು ಎಲ್ಲಿದೆ ಎಂದು ತಿಳಿಯಲು ಈ ಹಾರಾಟದ ಗೆರೆ ಹಿಡಿದು ನೋಡಿದರೆ ಸಾಕು, ಮರ ಹತ್ತಬೇಕಿಲ್ಲ.

ಕರಿಹದ್ದಿನ ಗೂಡು ಇದಕ್ಕಿಂತ ದೊಡ್ಡದು, ಕೊಳಕಾದದ್ದು. ಚಿಂದಿ, ಪ್ಲಾಸ್ಟಿಕ್ಕು, ದಾರ ಏನು ಸಿಕ್ಕರೂ ತುರುಕುತ್ತದೆ. ಮೊಬೈಲ್ ಗೋಪುರದ ಮೇಲಿನ ಒಂದು ಗೂಡಿನಿಂದ ಮಾರುದ್ದದ ನೀಲಿ ಜೀನ್ಸ್ ಬಟ್ಟೆ ಬಾವುಟದಂತೆ ಹಾರುತ್ತಿದ್ದುದನ್ನು ಕಂಡಿದ್ದೇನೆ. ಜೀನ್ಸ್ ಹೊಲಿಯುವ ಊರಿನ ಹದ್ದಿಗೆ ತಕ್ಕ ಮನೆ.

ಗೂಡು ಗೊತ್ತಾದ ದಿನದಿಂದ ನಿಯಮ ಬಿಗಿ. ಹೆಣ್ಣು ನಿಮ್ಮತ್ತ ನೋಡಿ 'ಕಿಕ್-ಕಿಕ್-ಕಿಕ್' ಎಂದು ಬಿಡದೆ ಕೂಗಿದರೆ ನೀವು ಗೆರೆ ದಾಟಿದ್ದೀರಿ, ಹಿಂದೆ ಬನ್ನಿ. ಮೇ ತಿಂಗಳ ನಡುಹಗಲಲ್ಲಿ ಹೆಣ್ಣು ರೆಕ್ಕೆ ಅರೆಬಿಚ್ಚಿ ಕೊಡೆಯಂತೆ ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತದೆ. ನೀವು ಹೆದರಿಸಿ ಎಬ್ಬಿಸಿದರೆ ಆ ಬಿಸಿಲು ನೇರ ಮರಿಗಳ ಮೇಲೆ. ಮೊಬೈಲಿನಿಂದ ಗಿಡುಗದ ಕೂಗು ನುಡಿಸಿ ಕರೆಯುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ಗೂಡಿನ ಫೋಟೋವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಮರಿ ಕದಿಯುವವರಿಗೆ ಅದೇ ವಿಳಾಸ. ಬೇಟೆಹಕ್ಕಿಗಳನ್ನು ಹಿಡಿಯುವುದು, ಸಾಕುವುದು, ಮೊಟ್ಟೆ ಮರಿ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮುಂಗಾರಿಗೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯಲು ಸಿಬ್ಬಂದಿ ಬರುತ್ತಾರೆ. ಜಗಳ ತೆಗೆಯಬೇಡಿ. "ಅಣ್ಣಾ, ಆ ಒಂದು ಕೊಂಬೆಯಲ್ಲಿ ಮರಿಗಳಿವೆ, ಒಂದು ತಿಂಗಳು ಬಿಡಿ" ಎಂದು ಕೇಳಿದೆ. ಏಣಿ ಹತ್ತಿದ್ದವರು ಗೂಡಿನೊಳಗೆ ದೂರದಿಂದ ಇಣುಕಿ, "ಮೂರಿವೆ ಸರ್" ಎಂದು ನನಗೇ ಲೆಕ್ಕ ಹೇಳಿ ಇಳಿದರು. ಆ ಕೊಂಬೆ ಉಳಿಯಿತು.

ಆ ಮೂರರಲ್ಲಿ ಒಂದರ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಜೂನ್ ಮೊದಲ ವಾರ ಅದು ಚರಂಡಿಯ ಪಕ್ಕ ನೆಲದ ಮೇಲೆ ಕುಳಿತಿತ್ತು. ಬಿದ್ದಿದೆ, ಅನಾಥವಾಗಿದೆ ಎಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಒಯ್ದೆ, ಕೋಳಿಯ ಚೂರು ತಿನ್ನಿಸಲು ಹೋಗಿ ಕೈ ಬಗರಿಸಿಕೊಂಡೆ. ಕತ್ತಲಾಗುವ ತನಕ ತಾಯಿ ಬೇವಿನ ಮೇಲಿಂದ ಕೂಗುತ್ತಲೇ ಇತ್ತು, ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಸಿಕ್ಕ ಅರಣ್ಯ ಇಲಾಖೆಯವರೊಬ್ಬರು, ಮೈತುಂಬ ಗರಿ ಬಂದಿದೆಯೇ, ನಿಲ್ಲುತ್ತದೆಯೇ ಎಂದು ಕೇಳಿ, "ಹಾಗಾದರೆ ಇದ್ದ ಜಾಗಕ್ಕೇ ಬಿಡಿ" ಎಂದರು. ಪೂರ್ತಿ ಹಾರಲು ಬರುವ ಮುಂಚೆಯೇ ಮರಿಗಳು ಗೂಡಿನಿಂದ ಹೊರಬಿದ್ದು ಕೊಂಬೆಯಿಂದ ಕೊಂಬೆಗೆ ತಡವರಿಸುವುದು, ಕೆಲವೊಮ್ಮೆ ನೆಲಕ್ಕಿಳಿಯುವುದು ಸಹಜ. ನುಗ್ಗೆ ಮರದ ಕೆಳಗಿನ ಕೊಂಬೆಯ ಮೇಲೆ ಕೂರಿಸಿ ದೂರ ಹೋದೆ. ಕಾಲು ಗಂಟೆಯಲ್ಲಿ ತಾಯಿ ಒಂದು ಸುಂಡಿಲಿಯೊಂದಿಗೆ ಬಂದಿತು.

ನಿಜವಾಗಿ ಗಾಯಗೊಂಡ ಹಕ್ಕಿಯಾದರೆ, ಅಂದರೆ ರೆಕ್ಕೆ ಜೋತುಬಿದ್ದಿದ್ದರೆ, ರಕ್ತವಿದ್ದರೆ, ನಿಲ್ಲಲಾಗದಿದ್ದರೆ ದಪ್ಪ ಬಟ್ಟೆ ಹೊದಿಸಿ, ಗಾಳಿಯಾಡುವ ತೂತುಗಳಿರುವ ಪೆಟ್ಟಿಗೆಯಲ್ಲಿ ಕತ್ತಲು ಮಾಡಿಟ್ಟು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅಪಾಯ ಉಗುರಿನದು, ಕೊಕ್ಕಿನದಲ್ಲ. ಬಾಯಿಗೆ ನೀರು ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ.

ಎರಡು ಅಪಾಯಗಳು ನಮ್ಮ ಕೈಯಲ್ಲೇ ಇವೆ. ಗಾಳಿಪಟಕ್ಕೆ ಕಟ್ಟುವ ನೈಲಾನ್ ಮಾಂಜಾ ರೆಕ್ಕೆಯನ್ನು ಮೂಳೆಯ ತನಕ ಕೊಯ್ಯುತ್ತದೆ. ಹಸಿರು ನ್ಯಾಯಮಂಡಳಿ 2017ರಲ್ಲೇ ಅದನ್ನು ನಿಷೇಧಿಸಿದೆ. ಮರಕ್ಕೆ ಸುತ್ತಿಕೊಂಡ ದಾರ ಕಂಡರೆ ಕಿತ್ತು ಸುಟ್ಟುಬಿಡಿ. ಇನ್ನೊಂದು ಇಲಿ ಪಾಷಾಣ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಎರಡು ಮೂರು ದಿನ ಮಂಕಾಗಿ ಓಡಾಡುತ್ತದೆ. ಆ ಮಂಕು ಇಲಿಯೇ ಗಿಡುಗಕ್ಕೆ, ಹಾಲಕ್ಕಿಗೆ ಸುಲಭದ ತುತ್ತು, ವಿಷವೂ ಜೊತೆಗೆ. ನಮ್ಮ ಮನೆಯಲ್ಲಿ ಈಗ ಇಲಿ ಬೋನು ಮಾತ್ರ.

ಎಂಟನೆಯ ಹಂತ: ಬರೆದಿಡಿ

ದಿನಾಂಕ, ಹೊತ್ತು, ಮರ, ಗಂಡೋ ಹೆಣ್ಣೋ, ಮೊದಲು ಎಚ್ಚರಿಸಿದ್ದು ಯಾರು. ಈ ಕೊನೆಯದನ್ನು ಬರೆಯುವವರು ಕಡಿಮೆ, ಕಲಿಸುವುದು ಮಾತ್ರ ಅದೇ. ಹಕ್ಕಿ ನೋಡುವವರು ತಮ್ಮ ದಾಖಲೆ ಹಾಕುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಸೇರಿಸಿದರೆ ಇನ್ನೂ ಒಳ್ಳೆಯದು, ಗೂಡಿನ ನಿಖರ ಜಾಗವನ್ನು ಬಿಟ್ಟು. ಚೀಟಿಗಳಲ್ಲಿ ಬೇಡ, ಎರಡು ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದರ ಕೆಲವು ಸಾಲುಗಳು:

ಜೂನ್ 19, ಸಂಜೆ 5:40. ಮರಿ, ಬೀದಿದೀಪದ ಕಂಬದ ಮೇಲೆ. ಅಳಿಲಿನ ಮೇಲೆ ಎರಗಿ ಕಂಬಕ್ಕೆ ಭುಜ ತಾಗಿಸಿಕೊಂಡಿತು. ಅಳಿಲು ಕಡಲೆ ತಿನ್ನುವುದನ್ನು ನಿಲ್ಲಿಸಲಿಲ್ಲ.

ಜೂನ್ 27, ಬೆಳಿಗ್ಗೆ 6:55. ಅದೇ ಮರಿ, ಬೇವು. ಮಿಡತೆ ಹಿಡಿಯಿತು. ಯಾರೂ ಕೂಗಲಿಲ್ಲ.

ಜುಲೈ 6, ಬೆಳಿಗ್ಗೆ 6:48. ಬೇವು. ಹಕ್ಕಿ ನನಗೆ ಕಾಣುವ ಮೊದಲೇ ಅಳಿಲು 'ಚಿಕ್' ಎಂದಿತು. ಒಂದೇ ಸಲ.